‘ನನ್ನ ಅನುಮತಿ ಇಲ್ಲ’ ಎಂದು ಪೋಸ್ಟ್ ಹಾಕಿದರೆ ಸಾಕೇ?

ನನ್ನ ಫೋಟೋ, ಮಾಹಿತಿ ಬಳಸಲು ಫೇಸ್‌ಬುಕ್‌ಗೆ ಅನುಮತಿ ಇಲ್ಲ, ನೀವೂ ಇದನ್ನು ಕಾಪಿ ಮಾಡಿ ಹಾಕಿ ಎನ್ನುವ ಸಂದೇಶ ನಿಮಗೂ ಬಂದಿರಬಹುದು. 2012ರಲ್ಲೂ ಇಂಥದ್ದು ಓಡಾಡಿತ್ತು; 2024ರಲ್ಲಿ ‘ಗುಡ್‌ಬೈ ಮೆಟಾ ಎಐ’ ಎಂಬ ಹೊಸ ವೇಷದಲ್ಲಿ ಮತ್ತೆ ಬಂತು. ಇದನ್ನು ಹಾಕುವುದರಿಂದ ಏನೂ ಆಗುವುದಿಲ್ಲ. ಖಾತೆ ತೆರೆಯುವಾಗ ನಾವು ಒಪ್ಪಿದ ನಿಯಮಗಳು ಒಂದು ಪೋಸ್ಟ್‌ನಿಂದ ರದ್ದಾಗುವುದಿಲ್ಲ.

ಹಾಗಂತ ಹಾಕಿದವರನ್ನು ನೋಡಿ ನಗಬೇಡಿ. ‘ಬೇಡ’ ಎನ್ನುವ ಬಟನ್ನನ್ನೇ ಬಚ್ಚಿಟ್ಟರೆ ಜನ ಅದನ್ನು ಇನ್ನೆಲ್ಲಿ ಹೇಳಬೇಕು?

ಬಚ್ಚಿಡುವುದು ಹೀಗೆ. ವೆಬ್‌ಸೈಟ್ ತೆರೆದ ಕೂಡಲೇ ಕುಕೀಸ್ ಬಗ್ಗೆ ಒಂದು ಪೆಟ್ಟಿಗೆ ಬರುತ್ತದೆ. ನೀವು ಏನು ನೋಡುತ್ತೀರಿ ಎಂದು ಗುರುತಿಟ್ಟುಕೊಳ್ಳುವ ಪುಟ್ಟ ಕಡತಗಳೇ ಕುಕೀಸ್. ‘ಎಲ್ಲಕ್ಕೂ ಒಪ್ಪಿಗೆ’ ಎನ್ನುವುದು ದಪ್ಪ ಬಣ್ಣದ ಬಟನ್. ನಿರಾಕರಿಸಬೇಕಾದರೆ ಮಸುಕಾದ ಅಕ್ಷರ ಹುಡುಕಿ, ಇನ್ನೊಂದು ಪುಟಕ್ಕೆ ಹೋಗಿ, ಒಂದೊಂದನ್ನೇ ಆಫ್ ಮಾಡಬೇಕು. ಅವಸರದಲ್ಲಿರುವವರು ಏನು ಒತ್ತುತ್ತಾರೆ ಎಂದು ವಿನ್ಯಾಸ ಮಾಡಿದವರಿಗೆ ಚೆನ್ನಾಗಿ ಗೊತ್ತು. ಇಂಥ ತಂತ್ರಗಳಿಗೆ 2010ರಲ್ಲಿ ಬ್ರಿಟನ್ನಿನ ವಿನ್ಯಾಸಕ ಹ್ಯಾರಿ ಬ್ರಿಗ್ನಲ್ ‘ಡಾರ್ಕ್ ಪ್ಯಾಟರ್ನ್’ ಎಂದು ಹೆಸರಿಟ್ಟರು.

ಒತ್ತಿದ್ದು ನಾವೇ, ಹಾಗಾಗಿ ತಪ್ಪು ನಮ್ಮದೇ ಅಲ್ಲವೇ? ಫ್ರಾನ್ಸಿನ ದತ್ತಾಂಶ ರಕ್ಷಣಾ ಸಂಸ್ಥೆ ಹಾಗೆ ಭಾವಿಸಲಿಲ್ಲ. ಒಪ್ಪಲು ಒಂದೇ ಕ್ಲಿಕ್, ನಿರಾಕರಿಸಲು ಹಲವು ಕ್ಲಿಕ್ ಎಂಬ ಕಾರಣಕ್ಕೇ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಹಾಕಿರುವುದಾಗಿ 2022ರ ಜನವರಿಯಲ್ಲಿ ಅದು ಪ್ರಕಟಿಸಿತು.

ನಮ್ಮಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಕೇಳದೆಯೇ ಬಿಲ್ಲಿಗೆ ದೇಣಿಗೆ ಸೇರಿಸುವುದು, ವಿಮೆ ಬೇಡವೆಂದರೆ ‘ನಾನು ಸುರಕ್ಷತೆಯಿಲ್ಲದೆ ಇರುತ್ತೇನೆ’ ಎಂದು ನಮ್ಮಿಂದಲೇ ಹೇಳಿಸಿ ಮುಜುಗರ ಮಾಡುವುದು ಎಲ್ಲವೂ ಅದರಲ್ಲಿವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಲೂ ಆಗಬೇಕು ಎನ್ನುತ್ತದೆ. ಇದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಪಾಲಿಸಲು ಕಂಪನಿಗಳಿಗೆ 18 ತಿಂಗಳ ಕಾಲಾವಕಾಶ ಸಿಕ್ಕಿದೆ. ನಮ್ಮ ಪ್ರಕಾರ ಅದು ತುಸು ಹೆಚ್ಚೇ ಆಯಿತು.

ಇನ್ನೊಂದು ತಪ್ಪು ತಿಳಿವಳಿಕೆ, ಆ್ಯಪ್ ಡಿಲೀಟ್ ಮಾಡಿದರೆ ಚಂದಾ ನಿಂತಿತು ಎನ್ನುವುದು. ನಮ್ಮಲ್ಲೊಬ್ಬರು ಒಂದು ರೂಪಾಯಿಯ ಟ್ರಯಲ್ ತೆಗೆದುಕೊಂಡು, ಎರಡೇ ದಿನಕ್ಕೆ ಆ್ಯಪ್ ಕಿತ್ತು ಹಾಕಿ ಹಾಯಾಗಿದ್ದರು. ವಾರ ಕಳೆದ ಮೇಲೆ 499 ರೂಪಾಯಿ ಕಟ್ ಆದ ಮೆಸೇಜು ಬಂತು. ಪ್ಲೇ ಸ್ಟೋರ್ ಮೂಲಕ ಚಂದಾ ಕಟ್ಟಿದ್ದರೆ ಅಲ್ಲಿ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ ‘ಪೇಮೆಂಟ್ಸ್ ಅಂಡ್ ಸಬ್‌ಸ್ಕ್ರಿಪ್ಷನ್ಸ್’ಗೆ ಹೋಗಿ ರದ್ದು ಮಾಡಬೇಕು. ಯುಪಿಐ ಮೂಲಕ ಕಟ್ಟಿದ್ದರೆ ಆ ಪಾವತಿ ಆ್ಯಪ್‌ನಲ್ಲೇ ‘ಆಟೋಪೇ’ ಹುಡುಕಿ ನಿಲ್ಲಿಸಿ.

ಮೋಸದಿಂದ ಒಪ್ಪಿಗೆ ಪಡೆದಿದ್ದಾರೆ ಅನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದಕ್ಕೂ ಮೊದಲು ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ನಾಳೆ ಅದು ಹಾಗೇ ಇರುತ್ತದೆ ಎನ್ನುವಂತಿಲ್ಲ.