ಪ್ರಾರ್ಥನೆಯೂ ಚಿಕಿತ್ಸೆಯೂ: ಕ್ಯಾನ್ಸರ್ ಬಂದ ಮನೆಯಲ್ಲಿ



ಗಜೇಂದ್ರಗಡದ ಒಂದು ಕ್ರೈಸ್ತ ಮನೆಯನ್ನು ಊಹಿಸಿಕೊಳ್ಳಿ. ತಂದೆ ಮಗ್ಗದ ಕೆಲಸದವರು, ಮಗಳು ಪಿ.ಯು.ಸಿ. ಓದುತ್ತಿದ್ದಾಳೆ. ತಾಯಿಗೆ ಸ್ತನದಲ್ಲಿ ಗಡ್ಡೆ ಕಾಣಿಸಿಕೊಂಡಿತು, ಹುಬ್ಬಳ್ಳಿಯಲ್ಲಿ ಪರೀಕ್ಷೆಯಾಗಿ ಅದು ಕ್ಯಾನ್ಸರ್ ಎಂದು ಗೊತ್ತಾಯಿತು. ಮೊದಲು ಔಷಧ, ಆಮೇಲೆ ಶಸ್ತ್ರಚಿಕಿತ್ಸೆ, ಕೊನೆಗೆ ವಿಕಿರಣ ಎಂದು ವೈದ್ಯರು ಹೇಳಿದರು. ಸಭೆಯವರು ಮನೆಗೆ ಬಂದು ಪ್ರಾರ್ಥಿಸಿದರು. ಎರಡು ಸಲ ಔಷಧ ಏರಿಸಿದ ಮೇಲೆ ಗಡ್ಡೆ ಕೈಗೆ ಹತ್ತದಂತಾಯಿತು. ಆಗ ಮನೆಗೆ ಬಂದ ನೆಂಟರೊಬ್ಬರು ಅಂದರು: "ದೇವರು ಮುಟ್ಯಾನಬೇ. ಗಡ್ಡಿ ಕರಗೇತಿ. ಇನ್ನ ಯಾಕ ಹುಬ್ಬಳ್ಳಿಗಿ ಹೋಗಿ ಆ ವಿಷ ಏರಿಸ್ಕೋತೀ?"

ಇದು ಕಲ್ಪನೆಯ ಮನೆ. ಆದರೆ ಈ ಪ್ರಶ್ನೆ ಕಲ್ಪನೆಯದಲ್ಲ. ರೋಣ, ನರಗುಂದ, ಗಜೇಂದ್ರಗಡಗಳಲ್ಲಿಯೂ ಇತರ ಕಡೆಗಳಲ್ಲಿಯೂ, ಕ್ರೈಸ್ತರಲ್ಲಿಯೂ ಇತರ ಧರ್ಮದವರಲ್ಲಿಯೂ ಇದು ಬೇರೆ ಬೇರೆ ಮಾತಿನಲ್ಲಿ ಏಳುತ್ತದೆ. ತಾಯಿ ಏನು ಉತ್ತರ ಕೊಡುತ್ತಾಳೆ ಎಂಬುದರ ಮೇಲೆ ಅವಳ ಜೀವವೇ ನಿಂತಿರಬಹುದು. ಆದ್ದರಿಂದ ಮೊದಲು ವಿಜ್ಞಾನದ ಲೆಕ್ಕವನ್ನೇ ನೋಡೋಣ.

ಒಂದು ಸೆಂಟಿಮೀಟರ್ ಅಗಲದ ಗಡ್ಡೆ ಎಂದರೆ ಒಂದು ಕಡಲೆಕಾಳಿನಷ್ಟು. ಅದರಲ್ಲಿ ಸುಮಾರು ನೂರು ಕೋಟಿ ಜೀವಕೋಶಗಳಿರುತ್ತವೆ. ಔಷಧವು ಒಂದೇ ಸಲಕ್ಕೆ ಎಲ್ಲವನ್ನೂ ಕೊಲ್ಲುವುದಿಲ್ಲ. ಪ್ರತಿ ಸಲವೂ ಇದ್ದುದರಲ್ಲಿ ಒಂದು ಪಾಲನ್ನು ಕೊಲ್ಲುತ್ತದೆ. ಲೆಕ್ಕಕ್ಕಾಗಿ ನೂರಕ್ಕೆ ತೊಂಬತ್ತೊಂಬತ್ತು ಎಂದು ಹಿಡಿಯೋಣ. ಆಗಲೂ ಒಂದು ಕೋಟಿ ಕೋಶಗಳು ಉಳಿದವು. ಆ ಒಂದು ಕೋಟಿ ಬೆರಳಿಗೆ ಸಿಗುವುದಿಲ್ಲ, ನೋಯುವುದೂ ಇಲ್ಲ. ಮನೆಯವರಿಗೆ ಗಡ್ಡೆ ಹೋದಂತೆಯೇ ಕಾಣುತ್ತದೆ. ಎರಡನೆಯ ಸಲಕ್ಕೆ ಒಂದು ಲಕ್ಷ, ಮೂರನೆಯ ಸಲಕ್ಕೆ ಒಂದು ಸಾವಿರ ಉಳಿಯಬೇಕು. ನಡುವೆ ಉಳಿದವು ಮತ್ತೆ ಇಬ್ಭಾಗವಾಗಿ ಬೆಳೆಯುತ್ತಲೂ ಇರುತ್ತವೆ. ಮಧ್ಯದಲ್ಲಿ ಬಿಟ್ಟರೆ ಬದುಕಿ ಉಳಿದವುಗಳಲ್ಲಿ ಔಷಧಕ್ಕೆ ಬಗ್ಗದವೇ ಹೆಚ್ಚಾಗಿರುತ್ತವೆ. ಮತ್ತೆ ಬೆಳೆಯುವ ಗಡ್ಡೆ ಅವುಗಳ ಸಂತತಿ. ಕಣ್ಣಿಗೆ ಕಾಣುವ ಕಸವನ್ನಷ್ಟೇ ಕಿತ್ತು, ಬೇರನ್ನು ಹೊಲದಲ್ಲಿಯೇ ಬಿಟ್ಟಂತೆ ಎಂದು ಎರೆಭೂಮಿಯ ರೈತನಿಗೆ ಹೇಳಿದರೆ ಸಾಕು.

ಅಂದರೆ ಗಡ್ಡೆ ಕರಗಿತು ಎಂಬುದು ಸಂತೋಷದ ಸುದ್ದಿ ನಿಜ. ಆದರೆ ಅದರ ಅರ್ಥ "ಚಿಕಿತ್ಸೆ ಹಿಡಿಸಿದೆ, ಮುಂದುವರಿಸಿ" ಎಂದು. "ಮುಗಿಯಿತು, ಬಿಡಿ" ಎಂದಲ್ಲ.

ಔಷಧವನ್ನು ಸಾಮಾನ್ಯವಾಗಿ ಎರಡು ಅಥವಾ ಮೂರು ವಾರಗಳಿಗೊಮ್ಮೆ ಏಕೆ ಕೊಡುತ್ತಾರೆ? ಕಿಮೋಥೆರಪಿಯ ಔಷಧಗಳಲ್ಲಿ ಹೆಚ್ಚಿನವು ಬೇಗ ಬೇಗ ಇಬ್ಭಾಗವಾಗುವ ಕೋಶಗಳ ಮೇಲೆ ಬೀಳುತ್ತವೆ. ಕ್ಯಾನ್ಸರಿನ ಕೋಶ ಅಂಥದು. ಕೂದಲಿನ ಬುಡ, ಬಾಯಿಯ ಒಳಪದರ, ಮೂಳೆಯ ಮಜ್ಜೆ ಇವೂ ಅಂಥವೇ. ಅದಕ್ಕಾಗಿಯೇ ಕೂದಲು ಉದುರುತ್ತದೆ, ಬಾಯಿ ಹುಣ್ಣಾಗುತ್ತದೆ, ರಕ್ತದ ಬಿಳಿಕಣಗಳು ಇಳಿಯುತ್ತವೆ. ಬಿಳಿಕಣಗಳು ಏಳರಿಂದ ಹದಿನಾಲ್ಕನೆಯ ದಿನದ ಹೊತ್ತಿಗೆ ತಳ ಮುಟ್ಟಿ, ಇಪ್ಪತ್ತೊಂದನೆಯ ದಿನದ ಸುಮಾರಿಗೆ ಚೇತರಿಸಿಕೊಳ್ಳುತ್ತವೆ. ಆ ತಗ್ಗಿದ ದಿನಗಳಲ್ಲಿ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲಿ ಎಂದು ಕಾಯಬಾರದು. ಆಗಿಂದಾಗಲೇ ಆಸ್ಪತ್ರೆಗೆ ಹೋಗಬೇಕು. ಥರ್ಮಾಮೀಟರ್ ಓದಲು ಬರುವ ನೀವು ಮನೆಯಲ್ಲಿ ಮಾಡಬಹುದಾದ ಅತಿ ದೊಡ್ಡ ಸೇವೆ ಇದೇ ಇರಬಹುದು.

ವಿಕಿರಣ ಚಿಕಿತ್ಸೆಯ ಕ್ರಮ ಬೇರೆ. ಸಾಮಾನ್ಯವಾಗಿ ಸೋಮವಾರದಿಂದ ಶುಕ್ರವಾರದವರೆಗೆ ದಿನವೂ ಕೆಲವೇ ನಿಮಿಷ, ಹೀಗೆ ಹಲವು ವಾರ ಕೊಡುತ್ತಾರೆ. ಒಂದೇ ದಿನ ಎಲ್ಲವನ್ನೂ ಕೊಟ್ಟರೆ ಆರೋಗ್ಯವಂತ ಕೋಶಗಳೂ ಸಾಯುತ್ತವೆ. ಸಣ್ಣ ಸಣ್ಣ ಪಾಲು ಮಾಡಿದರೆ ಆರೋಗ್ಯವಂತ ಕೋಶ ರಾತ್ರಿ ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳುತ್ತದೆ, ಕ್ಯಾನ್ಸರ್ ಕೋಶಕ್ಕೆ ಅಷ್ಟು ಚೆನ್ನಾಗಿ ಆಗುವುದಿಲ್ಲ. ಕೇಳಲು ಸರಳವಾಗಿದೆ. ಗಜೇಂದ್ರಗಡದಿಂದ ಹುಬ್ಬಳ್ಳಿ ಸುಮಾರು ನೂರು ಕಿಲೋಮೀಟರ್ ಎಂಬುದನ್ನು ನೆನಪಿಟ್ಟುಕೊಂಡರೆ ಸರಳವಲ್ಲ. ನರಗುಂದದವರಿಗೆ ಹೆದ್ದಾರಿಯ ಅನುಕೂಲವಿದೆ. ರೋಣದವರು ಗದಗಕ್ಕೆ ಹೋಗಿ ಬಸ್ಸು ಬದಲಿಸಬೇಕಾದೀತು. ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ ಇದೆ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆ ಇದೆ. ಕಡುಬಡವರಿಗೆ 2018ರಿಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗೆ ನೆರವುಂಟು. ಚಿಕಿತ್ಸೆಗಾಗಿ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಯವರೊಬ್ಬರಿಗೂ ದರದಲ್ಲಿ ರಿಯಾಯಿತಿ ಉಂಟು, ಆಸ್ಪತ್ರೆಯ ಪ್ರಮಾಣಪತ್ರ ಬೇಕು. ಆದರೂ ತಿಂಗಳುಗಟ್ಟಲೆ ಕೂಲಿ ಬಿಟ್ಟು ಜೊತೆಗೆ ಬರುವವರು ಯಾರು ಎಂಬ ಪ್ರಶ್ನೆಗೆ ಯಾವ ಕಾರ್ಡಿನಲ್ಲಿಯೂ ಉತ್ತರವಿಲ್ಲ. "ದೇವರು ಗುಣಪಡಿಸಿದ, ಇನ್ನು ಸಾಕು" ಎಂಬ ಮಾತು ಕಿವಿಗೆ ಇಂಪಾಗುವುದು ಬಹುಮಟ್ಟಿಗೆ ಇಲ್ಲಿಯೇ ಎಂದು ನನಗೆ ಅನ್ನಿಸುತ್ತದೆ. ದಣಿದವರಿಗೆ ಆ ಮಾತು ಬಿಡುಗಡೆಯಂತೆ ಕೇಳಿಸುತ್ತದೆ.

ಈಗ ವಿಶ್ವಾಸದ ಕಡೆಗೆ ಬರೋಣ. ನಮ್ಮ ಭಾಗದ ಕ್ರೈಸ್ತ ಸಭೆಗಳ ಇತಿಹಾಸವನ್ನು ತಿಳಿದವರು ಪ್ರಾರ್ಥನೆಗೂ ಔಷಧಕ್ಕೂ ವೈರವಿದೆ ಎಂದು ಹೇಳಲಾರರು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗದ ಪಕ್ಕದ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ, ಹೀಗೆ ಅವರ ಕೇಂದ್ರಗಳು ಹರಡಿದವು. ಇಂದು ಈ ಸಭೆಗಳು 1947ರಲ್ಲಿ ರಚನೆಯಾದ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ.ನಲ್ಲಿವೆ. ಬೆಟಗೇರಿಯಲ್ಲಿ ಮಿಶನ್ನಿನವರು ಕಟ್ಟಿದ ಆಸ್ಪತ್ರೆಯನ್ನು ಜನ ಈಗಲೂ "ಜರ್ಮನ್ ಆಸ್ಪತ್ರೆ" ಎಂದೇ ಕರೆಯುತ್ತಾರೆ. ಗಡಿಯಾಚೆ ಮೀರಜಿನಲ್ಲಿ ವಿಲಿಯಂ ವಾನ್ಲೆಸ್ ಕಟ್ಟಿದ ಮಿಶನ್ ಆಸ್ಪತ್ರೆಗೂ ಉತ್ತರ ಕರ್ನಾಟಕದ ಜನ ತಲೆಮಾರುಗಳಿಂದ ಹೋಗಿದ್ದಾರೆ. ಚರ್ಚು ಕಟ್ಟಿದವರೇ ಆಸ್ಪತ್ರೆಯನ್ನೂ ಕಟ್ಟಿದರು ಎಂಬುದು ಆ ನೆಂಟರಿಗೆ ಕೊಡಬಹುದಾದ ಒಳ್ಳೆಯ ಉತ್ತರ.

ಬೈಬಲಿನಲ್ಲಿಯೇ ಇನ್ನೊಂದು ಉತ್ತರವಿದೆ. ಹಿಜ್ಕೀಯ ಎಂಬ ಅರಸನಿಗೆ ಸಾವು ಹತ್ತಿರವಾದಾಗ ಅವನು ಅತ್ತು ಪ್ರಾರ್ಥಿಸಿದ. ಪ್ರಾರ್ಥನೆ ಕೇಳಲಾಗಿದೆ ಎಂದು ಪ್ರವಾದಿ ಯೆಶಾಯನು ತಿಳಿಸಿದ. ಹಾಗೆ ತಿಳಿಸಿ ಸುಮ್ಮನಾದನೇ? ಇಲ್ಲ, ಅಂಜೂರದ ಹಣ್ಣಿನ ಉಂಡೆ ತರಿಸಿ ಹುಣ್ಣಿನ ಮೇಲೆ ಹಚ್ಚಿಸಿದ. ಪ್ರಾರ್ಥನೆ ಕೈಗೂಡಿದ ಮೇಲೆಯೇ ಲೇಪ! ಪೌಲನ ಸಂಗಡಿಗನಾದ ಲೂಕನು ವೈದ್ಯನಾಗಿದ್ದ ಎಂಬುದನ್ನೂ ಸೇರಿಸಬಹುದು.

ಇದಕ್ಕಿಂತ ಕಷ್ಟದ ಪ್ರಶ್ನೆ ಒಂದಿದೆ. ಪ್ರಾರ್ಥಿಸಿದರೂ ರೋಗ ಹೆಚ್ಚಿದರೆ? "ನಿನ್ನ ವಿಶ್ವಾಸ ಕಡಿಮೆ", "ಯಾವುದೋ ಪಾಪದ ಫಲ" ಎಂದು ಹೇಳುವವರು ಸಿಗುತ್ತಾರೆ. ಹಾಸಿಗೆ ಹಿಡಿದವಳಿಗೆ ಈ ಮಾತು ಎರಡನೆಯ ರೋಗ. ಯೋಬನ ಗೆಳೆಯರು ಇದನ್ನೇ ಅಂದರು, ಆ ಗ್ರಂಥದ ಕೊನೆಯಲ್ಲಿ ದೇವರು ಗದರಿಸಿದ್ದು ಯೋಬನನ್ನು ದೂರಿದ ಆ ಗೆಳೆಯರನ್ನು. ಪೌಲನು ತನ್ನ ದೇಹದ ಮುಳ್ಳನ್ನು ತೆಗೆ ಎಂದು ಮೂರು ಸಲ ಬೇಡಿದ, ಮುಳ್ಳು ಹೋಗಲಿಲ್ಲ. ಗೆತ್ಸೇಮನೆಯ ತೋಟದಲ್ಲಿ ಯೇಸುವೂ ಆ ಪಾತ್ರೆ ತನ್ನಿಂದ ದೂರವಾಗಲಿ ಎಂದು ಬೇಡಿದನು, ಅದು ದೂರವಾಗಲಿಲ್ಲ. ಇವರ ವಿಶ್ವಾಸ ಕಡಿಮೆಯಿತ್ತು ಎಂದು ಯಾವ ಸಭೆಯೂ ಹೇಳುವುದಿಲ್ಲ. ಇನ್ನು ಕಾರಣದ ಮಾತು: ತಂಬಾಕು, ಗುಟಖಾ, ಅಡಿಕೆಗಳಿಂದ ಬಾಯಿಯ ಕ್ಯಾನ್ಸರ್ ಬರುತ್ತದೆ, ಎಚ್.ಪಿ.ವಿ. ವೈರಸ್ಸಿನಿಂದ ಗರ್ಭಕೊರಳಿನ ಕ್ಯಾನ್ಸರ್ ಬರುತ್ತದೆ. ತಂಬಾಕು ತಿಂದವನಿಗೂ ಈಗ ಬೇಕಾದದ್ದು ಚಿಕಿತ್ಸೆ, ತೀರ್ಪಲ್ಲ.

ಹಾಗಾದರೆ ವಿಶ್ವಾಸದಿಂದ ಆಗುವುದೇನು? ಗಡ್ಡೆಯನ್ನು ಅದು ಎಷ್ಟು ಕರಗಿಸುತ್ತದೆ ಎಂದು ಅಳೆಯುವ ಯಂತ್ರವಿಲ್ಲ. ಅಳೆಯದೆಯೂ ಕಾಣುವ ಕೆಲವು ಸಂಗತಿಗಳಿವೆ. ರಾತ್ರಿ ಎರಡು ಗಂಟೆಗೆ ನಿದ್ದೆ ಬಾರದವಳಿಗೆ ಬಾಲ್ಯದಿಂದ ಬಾಯಿಪಾಠವಾದ ಕೀರ್ತನೆಗಳಿರುತ್ತವೆ. ದೇವರೊಡನೆ ಜಗಳವಾಡುವ ಕೀರ್ತನೆಗಳೂ ಅವುಗಳಲ್ಲಿವೆ, ಆದ್ದರಿಂದ ಸಿಟ್ಟು ಬಂದಾಗ ಅವಳು ಪಾಪಪ್ರಜ್ಞೆ ಪಡಬೇಕಿಲ್ಲ. ಭಾನುವಾರದ ಆರಾಧನೆಯ ನಂತರ "ಈ ವಾರ ಹುಬ್ಬಳ್ಳಿಗಿ ನಾ ಬರ್ತೀನಿ ಯಕ್ಕಾ" ಎನ್ನುವ ಒಬ್ಬಳು ಸಿಗುತ್ತಾಳೆ. ಮೇಲೆ ಕೇಳಿದ, ಕಾರ್ಡಿನಲ್ಲಿ ಉತ್ತರವಿಲ್ಲದ ಪ್ರಶ್ನೆಗೆ ಚಿಕ್ಕ ಸಭೆಯೊಂದು ಉತ್ತರ ಕೊಡಬಲ್ಲದು. ವಾರಕ್ಕೊಬ್ಬರಂತೆ ಪಾಳಿ ಹಾಕಿಕೊಂಡು ಜೊತೆಗೆ ಹೋಗುವುದು ಉದ್ದನೆಯ ಪ್ರಾರ್ಥನೆಗಿಂತ ಕಡಿಮೆಯದಲ್ಲ.

ಧರ್ಮದ ಆಚರಣೆಯಲ್ಲಿ ಕೆಲವು ಎಚ್ಚರಗಳು ಬೇಕು. ರೋಗಿಗೆ ಹಿರಿಯರು ಎಣ್ಣೆ ಹಚ್ಚಿ ಪ್ರಾರ್ಥಿಸುವ ಪದ್ಧತಿ ಯಾಕೋಬನ ಪತ್ರಿಕೆಯಷ್ಟು ಹಳೆಯದು. ಹಣೆಗೆ ಒಂದು ಬೆರಳು ಎಣ್ಣೆ ಸಾಕು. ವಿಕಿರಣ ಬೀಳುತ್ತಿರುವ ಚರ್ಮಕ್ಕೆ ವೈದ್ಯರನ್ನು ಕೇಳದೆ ಯಾವ ಎಣ್ಣೆಯನ್ನೂ ಹಚ್ಚಬಾರದು, ಅಲ್ಲಿ ಹಾಕಿದ ಗುರುತುಗಳನ್ನು ಉಜ್ಜಿ ಅಳಿಸಲೂಬಾರದು. ಬಿಳಿಕಣಗಳು ಇಳಿದಿರುವಾಗ ರಾತ್ರಿಭೋಜನದ ಸಂಸ್ಕಾರದಲ್ಲಿ ಎಲ್ಲರೂ ಕುಡಿಯುವ ಒಂದೇ ಪಾತ್ರೆಯಿಂದ ಕುಡಿಯುವುದಕ್ಕಿಂತ ಬೇರೆ ಬಟ್ಟಲು ಕೇಳುವುದು ಒಳಿತು. ಬಾಯಿ ಹುಣ್ಣಾದವರಿಗೆ ದ್ರಾಕ್ಷಾರಸ ಉರಿಯುತ್ತದೆ; ಸಭಾಪಾಲಕರಿಗೆ ಮೊದಲೇ ಹೇಳಿದರೆ ಅವರು ದಾರಿ ಮಾಡಿಕೊಡುತ್ತಾರೆ. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಚಿಕಿತ್ಸೆಯಲ್ಲಿರುವವರು ಉಪವಾಸ ಮಾಡಬೇಕಾಗಿಲ್ಲ. ಕಥೋಲಿಕ ಸಭೆಯ ನಿಯಮವೂ ರೋಗಿಗಳಿಗೆ ವಿನಾಯಿತಿ ಕೊಟ್ಟಿದೆ. ಕಟಕಟಿ ರೊಟ್ಟಿ, ಖಾರದ ಚಟ್ನಿ ನುಂಗಲಾಗದಿದ್ದರೆ ಜೋಳದ ನುಚ್ಚು, ಗಂಜಿ, ಮೆತ್ತನೆಯ ಅನ್ನ-ಬೇಳೆ, ಮೊಟ್ಟೆ ಆಗುತ್ತವೆ. ಊಟದ ಮಗ್ಗುಲಿಗೆ ಇಡುವ ಹಸಿ ಮೆಂತ್ಯಸೊಪ್ಪು, ಮೂಲಂಗಿಗಳನ್ನು ಆ ತಗ್ಗಿದ ದಿನಗಳಲ್ಲಿ ಬಿಡುವುದೇ ಮೇಲು. ಉಪ್ಪು, ಅಡಿಗೆ ಸೋಡಾ ಬೆರೆಸಿದ ನೀರಿನಿಂದ ದಿನಕ್ಕೆ ಹಲವು ಬಾರಿ ಬಾಯಿ ಮುಕ್ಕಳಿಸಬೇಕು. ಕ್ಯಾನ್ಸರ್ ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದನ್ನು 1954ರ ಕಾಯಿದೆಯೊಂದು ನಿಷೇಧಿಸಿದೆ ಎಂಬುದೂ ತಿಳಿದಿರಲಿ. ಮಂತ್ರ, ತಾಯಿತಗಳ ಜಾಹೀರಾತೂ ಅದರಲ್ಲಿ ಸೇರಿದೆ.

ಎಲ್ಲ ಕ್ಯಾನ್ಸರೂ ಗುಣವಾಗುವುದಿಲ್ಲ. ಇದನ್ನು ಮುಚ್ಚಿಟ್ಟು ಬರೆಯುವುದು ನಿಮಗೆ ಮಾಡುವ ಅವಮಾನ. ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಮೊದಲು ದಾದಿಯಾಗಿ, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ ಕೆಲಸ ಮಾಡಿದವರು, ದೃಢ ಕ್ರೈಸ್ತ ವಿಶ್ವಾಸಿ. ಲಂಡನ್ನಿನ ಆಸ್ಪತ್ರೆಯಲ್ಲಿ ಕ್ಯಾನ್ಸರಿನಿಂದ ಸಾಯುತ್ತಿದ್ದ ಡೇವಿಡ್ ತಸ್ಮಾ ಎಂಬ ಪೋಲೆಂಡಿನ ಯೆಹೂದ್ಯ 1948ರಲ್ಲಿ ಅವರಿಗೆ ಐನೂರು ಪೌಂಡ್ ಬಿಟ್ಟುಹೋದ, ಮುಂದೆ ನೀವು ಕಟ್ಟುವ ಮನೆಗೆ ನಾನೊಂದು ಕಿಟಕಿಯಾಗುತ್ತೇನೆ ಎಂಬ ಭಾವದಿಂದ. ಸಾಂಡರ್ಸ್ ಮತ್ತೆ ಓದಿ ವೈದ್ಯೆಯಾದರು. 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಶುಶ್ರೂಷಾಧಾಮ ತೆರೆದರು. ನೋವು ಎಂದರೆ ದೇಹದ ನೋವಷ್ಟೇ ಅಲ್ಲ. ಮನಸ್ಸಿನ, ಸಂಸಾರದ, ಆತ್ಮದ ನೋವೂ ಅದರಲ್ಲಿ ಹೆಣೆದಿರುತ್ತದೆ ಎಂದು ಅವರು ತೋರಿಸಿಕೊಟ್ಟರು. ಪ್ರಾರ್ಥಿಸಿ ಸಹಿಸಿಕೋ ಎನ್ನದೆ, ನೋವು ಮರಳುವ ಮೊದಲೇ ಗಡಿಯಾರ ನೋಡಿ ಮಾರ್ಫಿನ್ ಕೊಟ್ಟರು. ಭಾರತದ ಮೊದಲ ಇಂಥ ಧಾಮ 1986ರಲ್ಲಿ ಮುಂಬಯಿಯ ಬಾಂದ್ರಾದಲ್ಲಿ ಶಾಂತಿ ಅವೇದನಾ ಸದನವೆಂದು ಆರಂಭವಾಯಿತು. ಬೆಂಗಳೂರಿನ ಕರುಣಾಶ್ರಯ ಆಮೇಲಿನದು. ಎರಡೂ ಕಡೆ ಯಾವ ಧರ್ಮದವರಿಗೂ ಹಾಸಿಗೆಯುಂಟು. ಮಾದಕ ದ್ರವ್ಯ ಕಾಯಿದೆಗೆ 2014ರಲ್ಲಿ ತಿದ್ದುಪಡಿಯಾಗಿ ಆಸ್ಪತ್ರೆಗಳು ಮಾರ್ಫಿನ್ ಪಡೆಯುವ ಹಾದಿ ಸುಲಭವಾಗಿದೆ. ನೋವನ್ನು ನುಂಗಿಕೊಳ್ಳುವುದೇ ಭಕ್ತಿ ಎಂದು ತಾಯಿ ಅಂದರೆ, ವೈದ್ಯರಿಗೆ ನೀವೇ ಹೇಳಿ.

ಗಜೇಂದ್ರಗಡದ ಆ ಮನೆಗೆ ಮರಳೋಣ. ನೆಂಟರ ಮಾತಿಗೆ ಮಗಳು ವಾದ ಹೂಡಬೇಕಾಗಿಲ್ಲ. "ದೇವರು ಮುಟ್ಯಾನ, ಖರೇ. ಅದಕ್ಕ ಔಷಧ ಹಿಡಿದೇತಿ. ಇನ್ನೂ ನಾಕು ಸಲ ಐತಿ" ಎಂದರೆ ಸಾಕು. ನಂತರ ಮುಂದಿನ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಹಿಂದಿನ ದಿನ ರಕ್ತ ಪರೀಕ್ಷೆಯ ಚೀಟಿ, ಆಧಾರ್, ರೇಷನ್ ಕಾರ್ಡುಗಳನ್ನು ಒಂದೇ ಕೈಚೀಲಕ್ಕೆ ಹಾಕಿಟ್ಟು, ಮೊದಲ ಬಸ್ಸಿಗೆ ಅವ್ವನನ್ನು ಎಬ್ಬಿಸಬೇಕು. ಚೀಲದಲ್ಲಿ ಬೈಬಲಿಗೂ ಜಾಗವಿರುತ್ತದೆ.