ಸಾವಯವ ತೋಟದಲ್ಲಿ ದುಡಿಯುವವರ ಪಾಲು



ರಾಸಾಯನಿಕ ಗೊಬ್ಬರ, ವಿಷೌಷಧಿಗಳನ್ನು ಬಿಟ್ಟು ಸಾವಯವ ಪದ್ಧತಿಗೆ ಹೊರಳುವ ವಿಚಾರ ನಮ್ಮ ಸದಸ್ಯರಲ್ಲಿ ಚರ್ಚೆಯಾಗುತ್ತಿದೆ. ಮಣ್ಣಿನ ಫಲವತ್ತತೆ, ನೀರಿನ ಶುದ್ಧಿ, ಹೊರದೇಶದಲ್ಲಿ ಸಿಗುವ ಹೆಚ್ಚಿನ ಬೆಲೆ, ಇವೆಲ್ಲವನ್ನೂ ಲೆಕ್ಕ ಹಾಕುತ್ತೇವೆ. ತೋಟದಲ್ಲಿ ದುಡಿಯುವವರ ಲೆಕ್ಕ ಮಾತ್ರ ಕೊನೆಗೆ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಕೆಲಸಗಾರರಿಗೆ ಸಲ್ಲಬೇಕಾದುದು ಸಲ್ಲದೆ ಸಾವಯವ ಬೇಸಾಯವೇ ನಡೆಯಲಾರದೆಂಬುದು ಈ ಲೇಖನದ ವಿಷಯ.

ಔಷಧಿಯ ಜಾಗದಲ್ಲಿ ಕೈ

ಕಳೆನಾಶಕ ಬಿಟ್ಟರೆ ಕತ್ತಿ ಹಿಡಿದ ಆಳು ಬೇಕು. ಯೂರಿಯಾ ಬಿಟ್ಟರೆ ಸೊಪ್ಪು ಕಡಿಯಬೇಕು, ಹೊರಬೇಕು, ಸಗಣಿ ಬೆರೆಸಿ ಮಗುಚಬೇಕು, ಕಳಿತ ಗೊಬ್ಬರವನ್ನು ಮತ್ತೆ ಗಿಡದ ಬುಡಕ್ಕೆ ಹೊರಬೇಕು. ಅರೇಬಿಕಾ ತೋಟದಲ್ಲಿ ಕಾಂಡಕೊರಕದ ದುಂಬಿ ಏಪ್ರಿಲ್-ಮೇ ತಿಂಗಳಲ್ಲೂ, ಅಕ್ಟೋಬರಿನಿಂದ ಡಿಸೆಂಬರಿನವರೆಗೂ ಹೊರಬೀಳುತ್ತದೆ. ಅದಕ್ಕೆ ಮುಂಚೆಯೇ ಒಂದೊಂದು ಗಿಡವನ್ನೂ ನೋಡಿ, ಕಾಂಡದ ಮೇಲೆ ಉಬ್ಬುಗೆರೆ ಕಂಡದ್ದನ್ನು ಕಿತ್ತು ಸುಡಬೇಕು. ಉಳಿದವುಗಳ ಸಡಿಲ ತೊಗಟೆಯನ್ನು ಉಜ್ಜಿ ತೆಗೆಯಬೇಕು. ಇದು ಕಣ್ಣು, ಬೆರಳು, ತಾಳ್ಮೆಗಳ ಕೆಲಸ. ಒಂದು ಗಿಡ ತಪ್ಪಿದರೂ ಅದರಿಂದ ಸುತ್ತಲ ಗಿಡಗಳಿಗೆ ಹುಳು ಹರಡುತ್ತದೆ.

ವಿಷ ಬಿಟ್ಟದ್ದರ ಮೊದಲ ಲಾಭ ಕೆಲಸಗಾರರಿಗೇ ಸಿಗುತ್ತದೆಂಬುದು ನಿಜ. ಕಾಸರಗೋಡಿನ ಗೇರುತೋಟಗಳ ಮೇಲೆ ವರ್ಷಗಟ್ಟಲೆ ವಿಮಾನದಿಂದ ಸಿಂಪಡಿಸಿದ ಎಂಡೋಸಲ್ಫಾನ್ ಅಲ್ಲಿನ ಕೂಲಿಗಾರರನ್ನೂ ನೆರೆಹೊರೆಯ ಬಡವರನ್ನೂ ಎಂಥ ಸ್ಥಿತಿಗೆ ತಂದಿತೆಂಬುದನ್ನು ಎಲ್ಲರೂ ಬಲ್ಲರು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ತಡೆಯಿತು. ಆದರೆ ಸಾವಯವವೆಂದ ಮಾತ್ರಕ್ಕೆ ಎಲ್ಲವೂ ನಿರಪಾಯವಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಸಾವಯವದಲ್ಲೂ ಮಿತಿಗೊಳಪಟ್ಟು ಅವಕಾಶವಿದೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣದ ಈ ದ್ರಾವಣ ಮರದ ಮೇಲಿರುವವನ ಕಣ್ಣಿಗೆ ಬಿದ್ದರೆ ಉರಿ ತಪ್ಪದು. ಮಳೆಗೆ ಜಾರುವ ಅಡಿಕೆಮರವಂತೂ ಯಾವ ಪದ್ಧತಿಯಲ್ಲೂ ಜಾರುತ್ತದೆ.

ಕಿಲೋ ಲೆಕ್ಕದ ತೊಡಕು

ಕಾಫಿ ಕಾಯಿಕೊರಕ 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಂಡು, ಆಮೇಲೆ ಕೊಡಗಿಗೂ ಹಬ್ಬಿತು. ಗಿಡದಲ್ಲಿ ಉಳಿದ, ನೆಲಕ್ಕೆ ಉದುರಿದ ಹಣ್ಣಿನಲ್ಲಿ ಈ ಹುಳು ಮುಂದಿನ ಫಸಲಿನವರೆಗೆ ಬದುಕಿರುತ್ತದೆ. ಆದ್ದರಿಂದ ಒಂದು ಹಣ್ಣನ್ನೂ ಬಿಡದೆ ಹೆಕ್ಕುವುದೇ ಮುಖ್ಯ ಪರಿಹಾರ.

ಆದರೆ ನಾವು ಕೂಲಿ ಕೊಡುವುದು ಹೆಚ್ಚಾಗಿ ಕೊಯ್ದ ಕಿಲೋ ಲೆಕ್ಕದಲ್ಲಿ. ತುಂಬಿದ ರೆಕ್ಕೆಯಿಂದ ಹಣ್ಣು ಕೊಯ್ಯುವ ಹೆಂಗಸಿನ ಚೀಲ ಬೇಗ ತುಂಬುತ್ತದೆ. ಬಗ್ಗಿ ನೆಲದ ಹಣ್ಣು ಹೆಕ್ಕಿದರೆ ಗಂಟೆ ಕಳೆದರೂ ಬುಟ್ಟಿಯ ತಳ ಮುಚ್ಚದು. ಅವಳು ಅದನ್ನು ಬಿಟ್ಟು ಮುಂದೆ ಹೋದರೆ ಅವಳನ್ನು ದೂರಿ ಫಲವಿಲ್ಲ. ದೋಷ ದರ ಕಟ್ಟಿದ ಕ್ರಮದಲ್ಲಿದೆ. ನೆಲಹಣ್ಣಿಗೆ ದಿನಗೂಲಿಯನ್ನೋ ಬೇರೆ ದರವನ್ನೋ ಗೊತ್ತುಮಾಡಿದಲ್ಲಿ ನ್ಯಾಯವೂ ಆಗುತ್ತದೆ, ಹುಳುವೂ ಕಡಿಮೆಯಾಗುತ್ತದೆ. ಔಷಧಿಯಿಲ್ಲದ ತೋಟದಲ್ಲಿ ಕೆಲಸಗಾರರ ಎಚ್ಚರವೇ ಔಷಧಿ. ಅದಕ್ಕೆ ಬೆಲೆ ಕೊಡದೆ ಅದು ಸಿಗಲಾರದು.

ಕಾನೂನಿನ ಮಿತಿ

1951ರ ತೋಟ ಕಾರ್ಮಿಕರ ಕಾಯಿದೆಯನ್ನು 1981ರಲ್ಲಿ ತಿದ್ದಿ, 5 ಹೆಕ್ಟೇರು ಮತ್ತು 15 ಕೆಲಸಗಾರರಿರುವ ತೋಟಗಳಿಗೆ ಅನ್ವಯಿಸಲಾಯಿತು. ಸಣ್ಣ ಕಾಫಿ ಬೆಳೆಗಾರರ ಆಳುಗಳು ಅದರ ಹೊರಗೇ ಉಳಿದರು. ಗಂಡಾಳು, ಹೆಣ್ಣಾಳೆಂಬ ಭೇದವಿಲ್ಲದೆ ಒಂದೇ ಬಗೆಯ ಕೆಲಸಕ್ಕೆ ಒಂದೇ ಕೂಲಿಯೆಂಬ ನಿಯಮ ಮಾತ್ರ 1976ರ ಕಾಯಿದೆಯಲ್ಲೇ ಬಂದಿದೆ. 2019ರ ವೇತನ ಸಂಹಿತೆಯಲ್ಲೂ ಇದೆ. ಮುಂಗಡ ಸಾಲಕ್ಕಾಗಿ ಆಳನ್ನು ಕಟ್ಟಿಹಾಕುವ ಜೀತವನ್ನು ರದ್ದುಮಾಡಿದ್ದೂ 1976ರಲ್ಲೇ. ಸಾವಯವ ಕೃಷಿಯ ಅಂತರರಾಷ್ಟ್ರೀಯ ಒಕ್ಕೂಟ 2005ರಲ್ಲಿ ಒಪ್ಪಿದ ನಾಲ್ಕು ತತ್ವಗಳಲ್ಲಿ ನ್ಯಾಯವೂ ಒಂದು.

ಬೆಳೆಗಾರನೇ ಸಾಲದಲ್ಲಿರುವಾಗ ಇದೆಲ್ಲ ಎಲ್ಲಿಂದ ಬರಬೇಕೆಂದು ಕೇಳಬಹುದು. ಪ್ರಶ್ನೆ ಸರಿಯಾದುದೇ. ಕಾಫಿಯಂಥ ಬಹುವಾರ್ಷಿಕ ಬೆಳೆಗೆ ಪರಿವರ್ತನೆಯ ಅವಧಿಯೇ 3 ವರ್ಷ; ಆಗ ಖರ್ಚು ಏರುತ್ತದೆ, ಸಾವಯವದ ಬೆಲೆ ಸಿಗುವುದಿಲ್ಲ. ಒಬ್ಬಂಟಿಯಾಗಿ ಇದನ್ನು ದಾಟುವುದು ಕಷ್ಟ. ಆದರೆ 1988ರಲ್ಲಿ ನೆದರ್ಲೆಂಡ್ಸಿನಲ್ಲಿ ಮೊದಲ ನ್ಯಾಯವ್ಯಾಪಾರದ ಮುದ್ರೆ ಬಂದುದರ ಹಿಂದೆ ಮೆಕ್ಸಿಕೋದ ಸಣ್ಣ ಕಾಫಿ ಬೆಳೆಗಾರರ ಸಹಕಾರಿ ಸಂಘವಿತ್ತು. ಸಂಘವಾಗಿ ನಿಂತದ್ದರಿಂದಲೇ ಅವರ ಮಾತು ಕೊಳ್ಳುವವರನ್ನು ಮುಟ್ಟಿತು. ನ್ಯಾಯವಾದ ಬೆಲೆ ಕೇಳುವ ನಾವು ಅದರಲ್ಲಿ ಕೆಲಸಗಾರರ ಪಾಲೆಷ್ಟೆಂಬ ಲೆಕ್ಕವನ್ನೂ ತೋರಿಸಬೇಕಾಗುತ್ತದೆ.

ಸದಸ್ಯರು ಈ ವರ್ಷವೇ ಮಾಡಬಹುದಾದವು

1. ಒಂದೇ ಕೆಲಸಕ್ಕೆ ಗಂಡಾಳು, ಹೆಣ್ಣಾಳುಗಳಿಗೆ ಒಂದೇ ಕೂಲಿ ಕೊಡುವುದು.

2. ನೆಲಹಣ್ಣು ಹೆಕ್ಕುವುದಕ್ಕೂ ಕೊರಕದ ಗಿಡ ಹುಡುಕುವುದಕ್ಕೂ ದಿನಗೂಲಿ ಕೊಡುವುದು.

3. ಮುಂಗಡವನ್ನು ಪುಸ್ತಕದಲ್ಲಿ ಬರೆದು, ಕೆಲಸಗಾರರಿಗೆ ಓದಿ ಹೇಳಿ, ಒಂದು ಪ್ರತಿ ಕೊಡುವುದು. ಅಸ್ಸಾಂ, ಬಂಗಾಳ, ಬಿಹಾರಗಳಿಂದ ಬಂದವರಿಗೆ ಅವರ ಭಾಷೆ ಬಲ್ಲವರಿಂದ ಹೇಳಿಸುವುದು.

4. ಬೋರ್ಡೋ, ಸುಣ್ಣ ಹೊಡೆಯುವಾಗ ಕನ್ನಡಕ, ಕೈಗವಸು ಕೊಡುವುದು. ಮರ ಹತ್ತುವವರಿಗೆ ಅಪಘಾತ ವಿಮೆ ಮಾಡಿಸುವುದು.

5. ಸಣ್ಣ ಹಿಡುವಳಿದಾರರು ನಾಲ್ಕೈದು ಮನೆ ಸೇರಿ ಮುಯ್ಯಾಳು ಪದ್ಧತಿಯನ್ನು ಮತ್ತೆ ರೂಢಿಗೆ ತರುವುದು.

ಈ ಐದನ್ನೂ ಮುಂದಿನ ಸರ್ವಸದಸ್ಯರ ಸಭೆಯ ಮುಂದಿಡಲಾಗುವುದು. ಸದಸ್ಯರು ತಮ್ಮ ತೋಟದ ಕೂಲಿ ಪುಸ್ತಕವನ್ನು ಒಮ್ಮೆ ನೋಡಿಕೊಂಡು ಬಂದರೆ ಚರ್ಚೆಗೆ ಅನುಕೂಲ.

— ಕಾರ್ಯದರ್ಶಿ