ಇಸ್ಪೀಟಿನ ಇಂದ್ರಜಾಲ

ಇಸ್ಪೀಟು ಎಂದೊಡನೆ ನಮ್ಮ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಜೂಜಿನ ಹುಚ್ಚಿನಿಂದ ಮನೆಮಠ ಕಳೆದುಕೊಂಡವರನ್ನು ಅವರು ಕಂಡಿದ್ದಾರೆ. ಆದುದರಿಂದ ಅವರ ಆತಂಕ ಸಹಜವಾದುದೇ. ಆದರೆ ಅದೇ 52 ಎಲೆಗಳು ಜೂಜುಗಾರನ ಕೈ ಬಿಟ್ಟು ಜಾದುಗಾರನ ಕೈ ಸೇರಿದಾಗ ವಿನೋದಕ್ಕೂ ವಿಚಾರಕ್ಕೂ ಸಾಧನವಾಗುತ್ತವೆ. ಇಂದ್ರಜಾಲಕ್ಕೆ ಭಾರಿ ಪೆಟ್ಟಿಗೆಗಳು, ಬಣ್ಣದ ಪರದೆಗಳು, ಮಿನುಗುವ ಉಡುಪು ಇವೆಲ್ಲ ಅಗತ್ಯವೆಂದು ಹಲವರು ಭಾವಿಸುತ್ತಾರೆ. ಇಸ್ಪೀಟಿನ ಚಮತ್ಕಾರಗಳಿಗೆ ಇವಾವುವೂ ಬೇಡ. ಯಾರ ಮನೆಯದಾದರೂ ಒಂದು ಹಳೆಯ ಕಟ್ಟು ದೊರೆತರೆ ಸಾಕು. ಪೂರ್ವಸಿದ್ಧತೆಯಿಲ್ಲದೆ ಕುಳಿತಲ್ಲಿಯೇ ಅವನ್ನು ಮಾಡಿ ತೋರಿಸಬಹುದು.

ಮೊದಲಿಗೆ ಬಹು ಸರಳವಾದುದೊಂದನ್ನು ನೋಡೋಣ. ಕಟ್ಟನ್ನು ಗೆಳೆಯನ ಕೈಗೇ ಕೊಟ್ಟು ಚೆನ್ನಾಗಿ ಕಲೆಸಲು ಹೇಳಿರಿ. ಹಿಂದಕ್ಕೆ ಪಡೆಯುವಾಗ ಎಲ್ಲಕ್ಕಿಂತ ಅಡಿಯಲ್ಲಿರುವ ಎಲೆಯನ್ನು ಯಾರಿಗೂ ತಿಳಿಯದಂತೆ ನೋಡಿಕೊಳ್ಳಿರಿ. ಅದು ಡೈಮಂಡ್ ಒಂಬತ್ತು ಎಂದಿಟ್ಟುಕೊಳ್ಳೋಣ. ಎಲೆಗಳನ್ನು ಬೆನ್ನು ಮೇಲಾಗಿ ಬೀಸಣಿಗೆಯಂತೆ ಹರಡಿರಿ. ಗೆಳೆಯನು ತನಗಿಷ್ಟವಾದ ಒಂದನ್ನು ತೆಗೆದು ನೋಡಿ, ಮತ್ತೆ ಕೂಡಿಸಿದ ಕಟ್ಟಿನ ಮೇಲೆ ಮಗುಚಿ ಇಡಲಿ. ಅನಂತರ ಅವನೇ ಕಟ್ಟಿನ ಮೇಲಿನ ಅರ್ಧವನ್ನು ಎತ್ತಿ ಪಕ್ಕದಲ್ಲಿಟ್ಟು, ಉಳಿದ ಅರ್ಧವನ್ನು ಅದರ ಮೇಲಿರಿಸಲಿ. ಈಗ ಅಡಿಯಲ್ಲಿದ್ದ ಡೈಮಂಡ್ ಒಂಬತ್ತು ಅವನ ಎಲೆಯ ಮೇಲೆಯೇ ಬಂದು ಕುಳಿತಿರುತ್ತದೆ. ನೀವು ಮೇಲಿನಿಂದ ಒಂದೊಂದೇ ಎಲೆಯನ್ನು ಮುಖ ಕಾಣುವಂತೆ ಹಾಕುತ್ತ ಹೋಗಿರಿ. ಡೈಮಂಡ್ ಒಂಬತ್ತರ ಬೆನ್ನಿಗೇ ಬರುವುದು ಗೆಳೆಯನ ಎಲೆ!

ಕಟ್ಟನ್ನು ಇದೇ ರೀತಿ ಮತ್ತೆ ಮತ್ತೆ ಎರಡಾಗಿಸಿ ಮೇಲುಕೆಳಗು ಮಾಡಿದರೂ ಗುಟ್ಟು ಕೆಡುವುದಿಲ್ಲ. ಹೂಮಾಲೆಯನ್ನು ಎಷ್ಟು ಸುತ್ತು ತಿರುಗಿಸಿದರೂ ಒಂದು ಹೂವಿನ ಪಕ್ಕದ ಹೂವು ಬದಲಾಗುವುದುಂಟೆ? ಎಲೆಗಳ ಕ್ರಮವೂ ಹಾಗೆಯೇ. ಡೈಮಂಡ್ ಒಂಬತ್ತು ಕಟ್ಟಿನ ಕಟ್ಟಕಡೆಗೆ ಬಂದರೆ ಗೆಳೆಯನ ಎಲೆ ಮೊಟ್ಟಮೊದಲನೆಯದೆಂದು ತಿಳಿಯಬೇಕು. ಆದರೆ ಈ ಹಂತದಲ್ಲಿ ಎಲೆಗಳನ್ನು ಕಲೆಸಲು ಮಾತ್ರ ಬಿಡಬಾರದು.

ಎರಡನೆಯ ಚಮತ್ಕಾರದಲ್ಲಿ ಕದ್ದು ನೋಡುವ ಕೆಲಸವೂ ಇಲ್ಲ, ಎಲ್ಲವೂ ಲೆಕ್ಕವೇ. 21 ಎಲೆಗಳನ್ನು ಎಣಿಸಿಕೊಂಡು, ಮುಖ ಕಾಣುವಂತೆ ಎಡದಿಂದ ಬಲಕ್ಕೆ ಒಂದೊಂದಾಗಿ ಹಾಕುತ್ತ ಏಳೇಳು ಎಲೆಗಳ ಮೂರು ಸಾಲುಗಳನ್ನು ಮಾಡಿರಿ. ಗೆಳೆಯನು ಒಂದು ಎಲೆಯನ್ನು ಮನಸ್ಸಿನಲ್ಲಿಯೇ ಆರಿಸಿಕೊಂಡು, ಅದು ಯಾವ ಸಾಲಿನಲ್ಲಿದೆಯೆಂಬುದನ್ನಷ್ಟೇ ಹೇಳಲಿ. ಎಲೆಗಳ ಕ್ರಮ ಕೆಡದಂತೆ ಆ ಸಾಲನ್ನು ಉಳಿದೆರಡರ ನಡುವೆ ಇರಿಸಿ ಕೂಡಿಸಿರಿ. ಹೀಗೆ ಒಟ್ಟು ಮೂರು ಬಾರಿ ಮಾಡಿದರೆ ಅವನ ಎಲೆ ತಪ್ಪದೆ 11ನೆಯದಾಗಿರುತ್ತದೆ.

ಇದರ ಕಾರಣವನ್ನು ಕಾಗದದ ಮೇಲೆ ಬರೆದು ನೋಡಿರಿ. ಮೊದಲ ಬಾರಿ ಕೂಡಿಸಿದಾಗ ಆ ಎಲೆ 8ರಿಂದ 14ರೊಳಗಿನ ಒಂದು ಸ್ಥಾನದಲ್ಲಿರುತ್ತದೆ. ಎರಡನೆಯ ಬಾರಿ ಹರಡಿದಾಗ ಅದು ತನ್ನ ಸಾಲಿನ 3, 4 ಅಥವಾ 5ನೆಯ ಎಲೆಯಾಗುತ್ತದೆ; ಕೂಡಿಸಿದಾಗ 10, 11 ಅಥವಾ 12ನೆಯದಾಗುತ್ತದೆ. ಮೂರನೆಯ ಬಾರಿ ಹರಡಿದರೆ ಈ ಮೂರು ಸ್ಥಾನಗಳೂ ಸಾಲುಗಳ ನಟ್ಟನಡುವೆ, ಅಂದರೆ 4ನೆಯ ಎಡೆಯಲ್ಲಿ ಬೀಳುತ್ತವೆ. ಅದರ ಮೇಲಿನ 7 ಎಲೆಗಳನ್ನು ಸೇರಿಸಿದರೆ 11. ಇದೇ ಬಗೆಯ 27 ಎಲೆಗಳ ಆಟವನ್ನು ಫ್ರಾನ್ಸಿನ ಗಣಿತಜ್ಞ ಜೊಸೆಫ್ ಜೆರ್ಗೊನ್ 19ನೆಯ ಶತಮಾನದ ಆರಂಭದಲ್ಲಿ ಗಣಿತದ ಸಮಸ್ಯೆಯಾಗಿ ವಿವೇಚಿಸಿದನು.

ಉಪಾಯ ತಿಳಿದ ಮಾತ್ರಕ್ಕೆ ಯಾರೂ ಜಾದುಗಾರರಾಗುವುದಿಲ್ಲ. ಕೈ ತಡವರಿಸದಷ್ಟು ಅಭ್ಯಾಸ ಬೇಕು; ನೋಟಕರ ಗಮನವನ್ನು ಸೆಳೆದಿಡುವ ಮಾತುಗಾರಿಕೆ ಬೇಕು. ಒಂದೇ ಚಮತ್ಕಾರವನ್ನು ಅದೇ ಜನರ ಮುಂದೆ ಎರಡನೆಯ ಸಲ ತೋರಿಸಬಾರದು. ಮೊದಲ ಸಲ ಬೆರಗಾದವರು ಎರಡನೆಯ ಸಲ ಪತ್ತೇದಾರರಾಗುತ್ತಾರೆ.

ಈ ವಿದ್ಯೆಯಿಂದ ದೊರೆಯುವ ಫಲ ವಿನೋದವೊಂದೇ ಅಲ್ಲ. 16ನೆಯ ಶತಮಾನದ ಇಂಗ್ಲೆಂಡಿನಲ್ಲಿ ಮಾಟಗಾತಿಯರೆಂಬ ಆರೋಪದ ಮೇಲೆ ನಿರಪರಾಧಿಗಳನ್ನು ಗಲ್ಲಿಗೇರಿಸುತ್ತಿದ್ದರು. ಆ ಮೂಢನಂಬಿಕೆಯನ್ನು ಖಂಡಿಸಲು ರೆಜಿನಾಲ್ಡ್ ಸ್ಕಾಟ್ ಎಂಬಾತನು 1584ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ನಾಣ್ಯ, ಇಸ್ಪೀಟು ಮುಂತಾದವುಗಳ ಕೈಚಳಕವನ್ನು ಅದರಲ್ಲಿ ಬಿಡಿಸಿ ಬರೆದು, ವಿಸ್ಮಯವಾದುದೆಲ್ಲ ಮಾಟವಲ್ಲವೆಂದು ತೋರಿಸಿದನು. ನಮ್ಮ ನಾಡಿನಲ್ಲಿಯೂ ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು 1976ರಲ್ಲಿ ಸಮಿತಿಯೊಂದನ್ನು ರಚಿಸಿದ್ದರು.

ಪ್ರಾಮಾಣಿಕ ಜಾದುಗಾರನು ತನ್ನ ಗುಟ್ಟನ್ನು ಬಿಟ್ಟುಕೊಡದಿರಬಹುದು. ಆದರೆ ತನಗೆ ದಿವ್ಯಶಕ್ತಿಯಿದೆಯೆಂದು ಎಂದೂ ಹೇಳಿಕೊಳ್ಳುವುದಿಲ್ಲ. ಅದೇ ಕೈಚಳಕದಿಂದ ಇತರರ ಹಣವನ್ನೋ ನಂಬಿಕೆಯನ್ನೋ ದೋಚುವವನು ವಂಚಕ. ಒಂದು ಎಲೆಯನ್ನು ಹುಡುಕಿ ತೆಗೆಯುವ ಬಗೆಯನ್ನು ಸ್ವತಃ ಕಲಿತವನು ಯಾವ ಅದ್ಭುತವನ್ನು ಕಂಡರೂ ಮೊದಲು ಚಪ್ಪಾಳೆ ತಟ್ಟುತ್ತಾನೆ; ಮರುಕ್ಷಣವೇ ‘ಇದು ಹೇಗಾಯಿತು?’ ಎಂದು ಕೇಳುತ್ತಾನೆ. ಆ ಪ್ರಶ್ನೆಯನ್ನು ಕೇಳಬಲ್ಲವನನ್ನು ಮೋಸಗೊಳಿಸುವುದು ಸುಲಭವಲ್ಲ.